ಹಲಸಿನ ಮರದಡಿಯ ಮತ ಎಣಿಕೆ

ದೆಹಲಿಯಲ್ಲಿ ಸರ್ಕಾರ ಮಾಡುವುದು ಮತದಾರರು ಅಂತ ನಂಬಿದ್ದೀರಾ? ಹಾಗಾದರೆ ನೀವು ನನ್ನ ಸೋದರತ್ತೆಯನ್ನು ನೋಡಿಲ್ಲ! ಅವಳ ಪ್ರಕಾರ ಮತ ಹಾಕುವುದು ಅರ್ಧ ಕೆಲಸ. ಉಳಿದರ್ಧ, ಎಣಿಕೆಯ ದಿನ ಮನೆಯಲ್ಲಿ ಯಾರು ಎಲ್ಲಿರುತ್ತಾರೆ ಅನ್ನುವುದು.

ಅತ್ತೆ ಮೆಚ್ಚಿದ ಕೊಡೆ ಗುರುತಿನ ಪಕ್ಷ ನಮ್ಮ ಕ್ಷೇತ್ರದಲ್ಲಿ ಇದುವರೆಗೆ ಗೆದ್ದದ್ದಿಲ್ಲ. ಕಣ್ಣು ಮುಚ್ಚುವುದರೊಳಗೆ ಒಂದು ಸಲ ಗೆಲ್ಲಬೇಕು, ಅಷ್ಟೇ ಅವಳ ಆಸೆ.

ನಾನೋ ರಾಜ್ಯಶಾಸ್ತ್ರದ ಬಿ.ಎ. ನಮ್ಮ ಕುಟುಂಬದ ಮೊದಲ ಪದವೀಧರ; ಯಾರೂ ಕೇಳದಿದ್ದರೂ ಹೇಳುತ್ತೇನೆ. ಈ ಸಲದ ಲೋಕಸಭಾ ಫಲಿತಾಂಶವನ್ನು ಅತ್ತೆಗೆ ಬಿಡಿಸಿ ಹೇಳಿ ಉದ್ಧಾರ ಮಾಡೋಣವೆಂದು, ಇಸ್ತ್ರಿ ಶರ್ಟು ಹಾಕಿಕೊಂಡು ಗೋಣಿಕೊಪ್ಪಲಿನಿಂದ ಸಿದ್ದಾಪುರದ ಬಸ್ಸು ಹತ್ತಿದೆ. ಅತ್ತೆಯ ಮನೆ ಬಾಗಿಲಿಗೆ ಹೋದಾಗ ಟಿ.ವಿ.ಯಲ್ಲಿ ಕೊಡೆ ಮುಂದಿತ್ತು. ನಾನು ಹೊಸಿಲು ದಾಟಿದೆ. ಒನಕೆ ಪಕ್ಷ ಮುಂದೆ ಬಂತು!

"ಹೊರಗೆ ಹೋಗು ಮಾರಾಯ!"

"ಅತ್ತೆ, ಅಂಚೆ ಮತಗಳ ಸ್ವರೂಪವೇ ಹಾಗೆ..."

"ಸ್ವರೂಪ ಆಮೇಲೆ. ಹಲಸಿನ ಮರದಡಿ ನಿಲ್ಲು. ಕೂತೆಯೋ, ನೋಡು!"

ನಿಂತೆ. ಕೊಡೆ ಮತ್ತೆ ಮುಂದೆ! ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ.

ಅಂಗಳದಲ್ಲಿ ನಾನು ಮತ್ತು ಒಂದು ಹುಂಜ. ನನ್ನ ವಿಶ್ಲೇಷಣೆಯನ್ನು ಅದಕ್ಕೇ ಹೇಳಿದೆ. ಅರ್ಧಕ್ಕೇ ಎದ್ದು ಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಜೀಪಿನವನು ಬ್ರೇಕ್ ಹಾಕಿದ.

"ಏನ್ ಸಾರ್, ಬಿ.ಎ. ಮಾಡಿ ಹಲಸು ಕಾಯ್ತಿದ್ದೀರಾ?"

"ಕೇಂದ್ರ ಸರ್ಕಾರ ಕಾಯ್ತಿದ್ದೀನಿ."

ವಿಷಯ ತಿಳಿದು ಗಂಭೀರನಾದ. "ಹಂಗಾದ್ರೆ ಅಲ್ಲಾಡಬೇಡಿ ಸಾರ್, ನಮ್ದೂ ಕೊಡೆನೇ!"

ಮಳೆ ಹಿಡಿಯಿತು. "ಅತ್ತೆ, ಕೊಡೆ!" ಎಂದು ಕೂಗಿದೆ.

"ಮುಂದಿದೆ ಕಣೋ, ಸುಮ್ಮನೆ ನಿಲ್ಲು!"

ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಗಳಿಗೆ ಕೂತೆ. ಒಳಗೆ ಟಿ.ವಿ. ಬಂದ್ ಆಯಿತು. ಒನಕೆ ಗೆದ್ದಿತ್ತು. ಅತ್ತೆ ಟವೆಲು ಹಿಡಿದು ಹೊರಬಂದಳು.

"ಕೂತೆಯಲ್ವಾ?"

ನನಗೆ ರೇಗಿತು. "ಇಲ್ಲಿ ನಿಂತು ಯಾವತ್ತಾದರೂ ಯಾರಾದರೂ ಗೆದ್ದಿದ್ದಾರಾ ಅತ್ತೆ?"

"ಗೆದ್ದಿಲ್ವಾ?" ನನ್ನ ತಲೆ ಒರೆಸುತ್ತಲೇ ಅಂದಳು. "ನಿನ್ನ ಬಿ.ಎ. ರಿಸಲ್ಟ್ ದಿನ ಇಲ್ಲೇ ನಿಂತಿದ್ದೆ. ನೀನು ಫೋನ್ ಮಾಡೋ ತನಕ ಕೂರಲಿಲ್ಲ. ಈಗ ಮಂಡಿ ಕೇಳಲ್ಲ ಮಗಾ, ಅದಕ್ಕೇ ನಿನ್ನ ನಿಲ್ಲಿಸಿದ್ದು."

ಕಲ್ಲಿನಿಂದ ಎದ್ದು ನಿಂತೆ. ಎಣಿಕೆ ಆಗಲೇ ಮುಗಿದಿತ್ತು.