ಮಾಮಾನ ಹೊಟ್ಟೆಯ ಗುಲಾಬಿ ಸಿಗ್ನಲ್

ಹೊಟ್ಟೆ ಡಾಕ್ಟರ ಹತ್ತಿರ ಕೆಲಸಕ್ಕಿದ್ದವನು ನಗಲು ಬೇರೆಲ್ಲೂ ಹೋಗಬೇಕಿಲ್ಲ. ಜನ ದಿನಾ ಬೆಳಿಗ್ಗೆ ತಾವೇ ಒಂದು ಕಾರಣ ಹೊತ್ತು ತರುತ್ತಾರೆ, ಅದೂ ಡಬ್ಬಿಯಲ್ಲಿ. ನಾನು ಸೇಡಂನ ಒಂದು ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್.

ಡಬ್ಬಿ ವಾಪಸ್

ಜಠರದಲ್ಲಿ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ತಿಳಿಯಲು ಮಲದ ಪರೀಕ್ಷೆಯೂ ಒಂದುಂಟು. ಕಡಲೆಕಾಳಿನಷ್ಟಿದ್ದರೆ ಸಾಕು. ಕೊಡ್ಲಿ ಎಂಬ ಊರಿನ ರೈತರೊಬ್ಬರು ನಾವು ಕೊಟ್ಟ ಪುಟ್ಟ ಡಬ್ಬಿ ಮನೆಯಲ್ಲೇ ಬಿಟ್ಟು, ಉಪ್ಪಿನಕಾಯಿಯ ದೊಡ್ಡ ಡಬ್ಬಿ ತುಂಬಿಸಿ ತಂದರು.

“ಯಜಮಾನ್ರ, ಇಷ್ಟ್ಯಾಕ್ರಿ?”

“ನೀವು ಕೊಟ್ಟಿದ್ದು ಭಾಳ ಸಣ್ಣದಿತ್ತು. ಅಷ್ಟು ದೂರದಿಂದ ಬಂದು ಜರಾಸಾ ಕೊಟ್ರ ಚೆಂದ ಕಾಣಂಗಿಲ್ಲ ನೋಡ್ರಿ.”

ಉಸಿರು ಬಿಗಿಹಿಡಿದು ಒಳಗೆ ಒಯ್ಯುತ್ತಿದ್ದೆ. ಹಿಂದಿನಿಂದ ಕೂಗಿದರು: “ಡಬ್ಬಿ ವಾಪಸ್ ಕೊಡ್ರಿ ಮತ್ತ, ಮನ್ಯಾಗ ಕೇಳ್ತಾಳ!”

ಗುಲಾಬಿ ಸಿಗ್ನಲ್

ಊರವರನ್ನು ಕಂಡು ನಗುತ್ತಿದ್ದ ನನಗೆ ದೇವರು ಮನೆಯವರನ್ನೇ ಕಳಿಸಿದ. ಸುಡುಬಿಸಿಲು, ಸಿಮೆಂಟ್ ಧೂಳಿನ ವಾಡಿಯಲ್ಲಿರುವ ನನ್ನ ಸೋದರಮಾವ ರಿಟೈರ್ಡ್ ರೈಲ್ವೆ ಗಾರ್ಡ್. ಹೊಟ್ಟೆಯುರಿ ಅಂತ ಬಂದರು. ಡಾಕ್ಟರ್ ಪೈಪು ಇಳಿಸಿ ನೋಡಿದರೆ ಜಠರದಲ್ಲಿ ಹುಣ್ಣು. ಅಲ್ಲಿಂದ ತೆಗೆದ ಚಿಟಿಕೆಯಷ್ಟು ಚೂರನ್ನು ನಾನು ಹಳದಿ ಬಣ್ಣದ ಕಿಟ್‌ನಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಹಳದಿ ಹೋಗಿ ಗುಲಾಬಿಯಾಯಿತು.

ಮಾಮಾ ಕಣ್ಣರಳಿಸಿ ನೋಡಿದರು. “ಅಳಿಯಾ, ನೌಕರಿ ಪೂರಾ ಕೆಂಪು ನೋಡೀನಿ, ಹಳದಿ ನೋಡೀನಿ. ಗುಲಾಬಿ ಸಿಗ್ನಲ್ ನಮ್ಮ ಲೈನಿನಾಗ ಇರ್ಲಿಲ್ಲ. ಗಾಡಿ ನಿಂದ್ರಸಬೇಕೋ, ಬಿಡಬೇಕೋ?”

“ನಿಂದ್ರಸಬೇಕು ಮಾಮಾ. ಹೊಟ್ಟ್ಯಾಗ ಬ್ಯಾಕ್ಟೀರಿಯಾ ಅದ.”

ಬಿಡಿಸಿ ಹೇಳಿದೆ. ಈ ಬ್ಯಾಕ್ಟೀರಿಯಾ ಹತ್ತಿರ ಯೂರಿಯೇಸ್ ಎಂಬ ಕಿಣ್ವ ಇರುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆ ಅಮೋನಿಯಾ ಸುತ್ತಲಿನ ಆಮ್ಲದ ಜೋರು ಇಳಿಸುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಜಠರದ ಒಳಪದರಕ್ಕೆ ಅಂಟಿಕೊಂಡು ಸಂಸಾರ ಹೂಡುತ್ತದೆ, ಪದರ ಹಾಳಾಗಿ ಹುಣ್ಣಾಗುತ್ತದೆ. ಕಿಟ್‌ನಲ್ಲೂ ಯೂರಿಯಾ ಇರುತ್ತದೆ, ಅದು ಗುಲಾಬಿಯಾದದ್ದೂ ಇಂಥದೇ ಅಮೋನಿಯಾದಿಂದ.

ಮಾಮಾ ಹೆದರುತ್ತಾರೆ ಅಂದುಕೊಂಡರೆ ಮುಖದಲ್ಲಿ ಹೆಮ್ಮೆ! “ಅಂಥಾ ಯಾಸಿಡ್‌ನಾಗ ಸಂಸಾರ ಮಾಡ್ತದಂದ್ರ ಅದು ನಮ್ಮ ವಾಡಿದೇ ಇರಬೇಕು ಬಿಡು.”

ಬೇಕಸೂರ್ ಮೆಣಸಿನಕಾಯಿ

ಡಾಕ್ಟರ್ ಹದಿನಾಲ್ಕು ದಿನದ ಗುಳಿಗೆ ಬರೆದರು. ಮಾಮಾನ ಹೆಂಡತಿ, ನಮ್ಮ ಅತ್ತಿ, ತಮ್ಮದೊಂದು ಕಾನೂನು ಸೇರಿಸಿದರು: ರಿಪೋರ್ಟ್ ಚಲೋ ಬರುವ ತನಕ ಮಾಮಾಗೆ ಖಾರ ಬಂದ್. ಮಾಮಾಗೆ ಅತ್ತಿ ಕೈಯ ಮಿರ್ಚಿ ಭಜಿ ಅಂದರೆ ಜೀವ. ಹೊರಗಿನ ಭಜಿ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವರ ತಟ್ಟೆಗೆ ಮೂರು ಹೊತ್ತೂ ಗಂಜಿ ಬಿತ್ತು. ಅತ್ತಿ ಮಾತ್ರ ಎದುರಿಗೇ ಕೂತು ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಖಾರದ ಚಟ್ನಿಪುಡಿ ಸವಿಯುತ್ತಿದ್ದರು.

ನಾನು ಹೋದ ದಿನ ಮಾಮಾ ನನ್ನನ್ನು ಸಾಕ್ಷಿಗೆ ಹಿಡಿದರು. “ಹೇಳೋ ನಿಮ್ಮತ್ತಿಗೆ! ಹುಣ್ಣು ಮಾಡಿದ್ದು ಆ ಹುಳ. ಮೆಣಸಿನಕಾಯಿ ಬೇಕಸೂರ್ ಅದ, ಅದರದೇನೂ ತಪ್ಪಿಲ್ಲ!”

“ಆ ಹುಳ ಏನ್ ತಿಂದು ಬೆಳೀತು?” ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. “ನಿಮ್ಮ ಭಜಿ ತಿಂದೇ ಅಲ್ಲ?”

ಸಾಕ್ಷಿಗೆ ನಿಂತಿದ್ದ ನಾನು ತಟ್ಟೆ ಎಳೆದುಕೊಂಡು ಅತ್ತಿಯ ರೊಟ್ಟಿಗೆ ಕೂತೆ.

ಚೀಟಿ ಅದಲುಬದಲು

ಗುಳಿಗೆ ಮುಗಿದು ತಿಂಗಳಾದ ಮೇಲೆ ಮರುಪರೀಕ್ಷೆ. ಮಾಮಾನ ಭಜಿಯ ಭವಿಷ್ಯವೆಲ್ಲ ಒಂದು ಡಬ್ಬಿಯೊಳಗೆ. ಅವರು ಎರಡು ತಂದಿದ್ದರು, ಒಂದರ ಮೇಲೆ ತಮ್ಮ ಹೆಸರಿನ ಚೀಟಿ, ಇನ್ನೊಂದರ ಮೇಲೆ ಅತ್ತಿಯದು. “ಇಬ್ಬರದೂ ನೋಡಿಬಿಡು ಅಳಿಯಾ, ಒಂದೇ ಮನ್ಯಾಗ ಇರೋರು” ಅಂದರು. ಎಷ್ಟು ಜವಾಬ್ದಾರಿ ಬಂತಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ಮರುದಿನ ಇಬ್ಬರೂ ಬಂದು ಡಾಕ್ಟರ ಮುಂದೆ ಕೂತರು. ಅತ್ತಿ ಹೆಸರಿನದು ಸ್ವಚ್ಛ. ಮಾಮಾ ಹೆಸರಿನದರಲ್ಲಿ ಬ್ಯಾಕ್ಟೀರಿಯಾ!

“ಮತ್ತ ಹದಿನಾಲ್ಕು ದಿನ ಗುಳಿಗಿ” ಅಂದರು ಡಾಕ್ಟರ್.

“ಮತ್ತ ಗಂಜಿ” ಅಂದರು ಅತ್ತಿ.

ಮಾಮಾ ಕುರ್ಚಿಯಿಂದ ನೆಗೆದರು. “ಅದು ನಂದಲ್ರಿ, ಅಕಿದು! ಚೀಟಿ ನಾನೇ ಬದಲ್ ಮಾಡೀನಿ! ಅಕಿ ಒಂದಿನಾನೂ ಹೊಟ್ಟಿ ನೋವು ಅಂದಾಕಿ ಅಲ್ಲ, ಅಕಿದು ಪಕ್ಕಾ ಪಾಸ್ ಆಗ್ತದ ಅನ್ಕೊಂಡೆ!”

ಅಂದರೆ, ತಾವೇ ಪಾಸಾಗಿದ್ದ ಪರೀಕ್ಷೆಯಲ್ಲಿ ಫೇಲಾದವರ ಪೇಪರು ಕಾಪಿ ಹೊಡೆದಿದ್ದರು. ನಾನು ಗೋಡೆ ಕಡೆ ತಿರುಗಿಕೊಂಡೆ. ಹೊಟ್ಟೆ ಹಿಡಿದುಕೊಳ್ಳುವ ಸರದಿ ನನ್ನದು. ಡಾಕ್ಟರ್ ಮತ್ತೆ ಇಬ್ಬರದೂ ತರಿಸಿ, ಚೀಟಿ ನನ್ನ ಕೈಯಿಂದಲೇ ಅಂಟಿಸಿ ನೋಡಿಸಿದರು. ಮಾಮಾ ಹೇಳಿದ್ದೇ ನಿಜ.

“ಗಾರ್ಡ್ ಸಾಹೇಬ್ರ, ನೀವು ಆರಾಮ್. ಏನ್ ಬೇಕಾದ್ರೂ ತಿನ್ರಿ. ಗುಳಿಗಿ ನಿಮ್ಮ ಮನೆಯವರಿಗೆ” ಅಂದರು ಡಾಕ್ಟರ್.

ಮಾಮಾ ಕುಣಿಯುವುದೊಂದೇ ಬಾಕಿ. “ಕೇಳಿದೇನು? ಇವತ್ತೇ ಮಿರ್ಚಿ ಭಜಿ ಮಾಡು!”

ಅತ್ತಿ ಗುಳಿಗೆ ಪೊಟ್ಟಣವನ್ನು ನಿಧಾನಕ್ಕೆ ಚೀಲಕ್ಕೆ ಹಾಕಿಕೊಂಡು ಎದ್ದು ನಿಂತರು.

“ತಿನ್ರಿ, ಯಾರ್ ಬ್ಯಾಡಂದಾರ? ಆದ್ರ ರಿಪೋರ್ಟ್ ಚಲೋ ಬರೋತನಕ ನಾ ಗಂಜಿ ಕುಡಿಬೇಕಲ್ಲ? ಮನ್ಯಾಗ ಅಡಿಗಿ ಮಾಡಾಕಿ ನಾ ಒಬ್ಬಾಕೀನೇ. ಎರಡೆರಡು ಅಡಿಗಿ ನನ್ನಿಂದ ಆಗಂಗಿಲ್ಲ.”