ಗಾಡಿಯಿಲ್ಲದ ಮಾವನ ರ‍್ಯಾಂಪು

ನಮ್ಮ ಸೋದರಮಾವನ ತಲೆಯೊಳಗೆ ಏನಿದೆ ಎಂದು ತಿಳಿದವರು ಮೈಸೂರಿನಲ್ಲಂತೂ ಯಾರೂ ಇಲ್ಲ. ಅವರ ಬಳಿ ಕಾರಿಲ್ಲ, ಸ್ಕೂಟರಿಲ್ಲ, ಇದ್ದ ಸೈಕಲ್ಲನ್ನೂ ಯಾರಿಗೋ ಕೊಟ್ಟಾಯಿತು. ಮೇಟಗಳ್ಳಿಯ ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಎಲ್ಲಿಗೆ ಹೋದರೂ ಸಿಟಿ ಬಸ್ಸೇ. ಇಂಥವರು ಮನೆಯೊಳಕ್ಕೆ ಗಾಡಿ ಹತ್ತಿಸುವ ರ‍್ಯಾಂಪು ಮಾಡಲು ಹೊರಟರು! ಅದೂ ಎಂಥದ್ದು? ಬೇಕಾದಾಗ ಹಾಕಿ, ಬೇಡವಾದಾಗ ತೆಗೆದಿಡುವಂಥದ್ದು!

ಯಾರಿಗೆ ಎಂದು ಕೇಳಿದೆ. "ನಿಮ್ಮವ್ವಂಗೆ" ಎಂದರು.

ಅದಾದರೂ ಅರ್ಥವಾಯಿತು. ನನ್ನಮ್ಮ, ಅಂದರೆ ಅವರ ಅಕ್ಕ, ಗೌರಿ ಹಬ್ಬದ ದಿನ ತಮ್ಮನ ಮನೆಯಲ್ಲಿ ಕೂತು ಉಂಡು ಎಷ್ಟೋ ವರ್ಷಗಳಾಗಿದ್ದವು. ಅಮ್ಮನಿಗೆ ಚಿಕ್ಕಂದಿನಿಂದ ಒಂದು ಕಾಲಿಗೆ ಬಲವಿಲ್ಲ. ಓಡಾಟವೆಲ್ಲ ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರಿನಲ್ಲಿ. ಮಾವನ ಬೀದಿಯೋ ಕಿರಿದು, ಗೇಟಿಗೆ ಮೆಟ್ಟಿಲು ಇದ್ದುದರಿಂದ ಗಾಡಿ ಒಳಗೆ ಹತ್ತುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಒಳಗೆ ಕೂತರೆ ಸಾಕು, ಹೊರಗೆ ಯಾವುದೋ ಕಾರಿನ ಹಾರನ್ನು. ಪ್ರತಿ ಸಲವೂ ಎದ್ದು ಹೋಗಿ ಗಾಡಿ ಸರಿಸುವುದು ಆ ಕಾಲಿನಲ್ಲಿ ಆಗುವ ಮಾತೇ? ಹಾಗಾಗಿ ಅಮ್ಮ ಬೀದಿಯಲ್ಲೇ, ಎಂಜಿನ್ ಕೂಡ ಆರಿಸದೆ, ಬಾಗಿನವನ್ನು ಮಡಿಲಿಗೆ ಹಾಕಿಸಿಕೊಂಡು ಹೊರಟುಬಿಡುತ್ತಿದ್ದರು. ಆ ದಿನ ಮಾವನಿಗೆ ಒಬ್ಬಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸರಿ, ಆದರೆ ತೆಗೆದಿಡುವಂಥದ್ದು ಯಾಕೆ? ಸಿಮೆಂಟಿನಲ್ಲೇ ಕಟ್ಟಿಸಿದರೆ ಆಗದೇ? ಅತ್ತೆ ಕೇಳಿದರೆ ನಿನ್ನ ರಂಗೋಲಿಗೆ ಜಾಗ ಬೇಡವಾ ಎಂದರು. ಎದುರುಮನೆಯವರು ಕೇಳಿದರೆ ಚರಂಡಿ ಕ್ಲೀನ್ ಮಾಡುವವರು ಒಡೆದು ಹಾಕುತ್ತಾರೆ ಎಂದರು. ನನಗೆ ಮಾತ್ರ, "ನಿಂಗೆ ಅರ್ಥ ಆಗಕಿಲ್ಲ ಬುಡು" ಎಂದರು. ಮೂರರಲ್ಲಿ ಅದೊಂದೇ ನಿಜ!

ಸ್ಕೂಟರಿನ ಅಗಲವನ್ನು ಗೇಟಿನ ಮುಂದೆ ಸೀಮೆಸುಣ್ಣದ ಚುಕ್ಕಿಯಲ್ಲಿ ಗುರುತು ಮಾಡಿ, ಬಂದು ಅಳತೆ ತಗೋ ಎಂದು ಬಡಗಿಗೆ ಫೋನು ಮಾಡಿ, ಮಾವ ರ‍್ಯಾಂಪಿನ ಹಲಗೆಗೆ ಕೊಂಡಿ ತರಲು ದೇವರಾಜ ಮೊಹಲ್ಲಾಕ್ಕೆ ಹೋದರು. ಬಾಗಿಲಿಗೆ ನೀರು ಹಾಕಲು ಬಂದ ಅತ್ತೆ ಚುಕ್ಕಿಗಳನ್ನು ಕಂಡರು. ಯಾರೋ ಅರ್ಧಕ್ಕೇ ಬಿಟ್ಟ ರಂಗೋಲಿ! ಅವರಿಗೆ ಸಹಿಸಲಾಗಲಿಲ್ಲ. ಅತ್ತಿತ್ತ ಇನ್ನಷ್ಟು ಚುಕ್ಕಿ ಇಟ್ಟು, ಎಳೆ ಸುತ್ತಿ, ಲಕ್ಷಣವಾಗಿ ಮುಗಿಸಿದರು. ಬಡಗಿ ಬಂದು ಈ ತುದಿಯ ಚುಕ್ಕಿಯಿಂದ ಆ ತುದಿಯ ಚುಕ್ಕಿಗೆ ಅಳೆದುಕೊಂಡು ಹೋದ. ಬಂದ ಹಲಗೆಯ ಮೇಲೆ ಜೀಪು ಹತ್ತಿಸಬಹುದಿತ್ತು. ಗೇಟಿನೊಳಗೆ ಹಲಗೆಯೇ ಹಿಡಿಸಲಿಲ್ಲ!

ಕುಯ್ದು ಸಣ್ಣದು ಮಾಡಿದ ಮೇಲೆ ಪರೀಕ್ಷೆಗೆ ಸಿಕ್ಕವನು ನಾನು. ನನ್ನ ಬೈಕು ಅರ್ಧ ಹತ್ತುವಷ್ಟರಲ್ಲಿ ಹಲಗೆ ಜಾರಿತು, ನಾನು ದಾಸವಾಳದ ಗಿಡದಲ್ಲಿದ್ದೆ. ಮಾವ ಓಡಿ ಬಂದು ಸವರಿ ನೋಡಿದರು. ನನ್ನನ್ನಲ್ಲ, ಹಲಗೆಯನ್ನು! "ಏನೂ ಆಗಿಲ್ಲ ಬುಡು" ಎಂದರು. ಆಮೇಲೆ ಅದಕ್ಕೆ ಕೊಂಡಿ ಹಾಕಿ, ಮೇಲೆ ಹಳೇ ಟೈರಿನ ರಬ್ಬರು ಹೊಡೆದರು.

ಗೌರಿ ಹಬ್ಬ ಬಂತು. ಅಮ್ಮ ಎಂದಿನಂತೆ ಬೀದಿಯಲ್ಲೇ ಗಾಡಿ ನಿಲ್ಲಿಸಿ ಮಡಿಲು ಹಿಡಿದರು. ಮಾವ ಹಲಗೆ ತಂದು ಹಾಕಿದರು. ಬೀಳ್ತೀನೇನೋ ಎಂದು ಅಮ್ಮ ಹೆದರಿದಾಗ ಹಿಂದಿನಿಂದ ಸೀಟಿಗೆ ಕೈ ಕೊಟ್ಟು ಜೊತೆಗೇ ಹತ್ತಿದರು. ಗಾಡಿ ಸಲೀಸಾಗಿ ಜಗಲಿಗೆ ಬಂತು. ಅತ್ತೆ ಅಲ್ಲೇ ಬಾಗಿನ ಕೊಟ್ಟರು. ಅಮ್ಮ ಇಳಿಯಲೇ ಇಲ್ಲ. ಅಭ್ಯಾಸ ನೋಡಿ, "ಬತ್ತೀನಪ್ಪಾ" ಎನ್ನುತ್ತಾ ಗಾಡಿಯನ್ನು ಗೇಟಿನ ಕಡೆಗೆ ತಿರುಗಿಸಿಯೇಬಿಟ್ಟರು.

ಗೇಟಿನಲ್ಲಿ ಹಲಗೆ ಇರಲಿಲ್ಲ! ಮಾವ ಅದನ್ನು ಕಿತ್ತು, ಒಳಗೋಡೆಗೆ ಒರಗಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು.

"ಉಣ್ಣೋಗಂಟ ಹಲಗೆ ಹಾಕಾಕಿಲ್ಲ ಕಣಕ್ಕ. ಅದೆಂಗೆ ಹೋಯ್ತೀಯೋ ಹೋಗು, ನೋಡಾನ."

ಅಮ್ಮ ಮೊದಲು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎಂಜಿನ್ ಆರಿಸಿದರು.

ಎಲೆಯ ಮುಂದೆ ಕೂತಿದ್ದಾಗ ಬೀದಿಯಲ್ಲಿ ಯಾರದೋ ಕಾರು ಹಾರನ್ ಹೊಡೆಯಿತು. ಅಮ್ಮ ಥಟ್ಟನೆ ಏಳಲು ಹೋದರು. ಮಾವ ತುಪ್ಪದ ಮಿಳ್ಳೆ ಹಿಡಿದು ಎದುರಿಗೇ ನಿಂತಿದ್ದರು. ಅಮ್ಮ ಮತ್ತೆ ಕೂತು, ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.