ಎರಡನೇ ಬಸ್ಸಿಗೆ ಬನ್ನಿ

ಐವತ್ತು-ಅರವತ್ತರ ದಶಕದಲ್ಲಿ ನಾನು ಮೂಡಬಿದ್ರಿಯ ಒಬ್ಬ ಡಾಕ್ಟರ ಬಳಿ ಕಂಪೌಂಡರ್ ಆಗಿದ್ದೆ. ಔಷಧ ಕಲಸುವುದನ್ನು ಬೇಗ ಕಲಿತೆ. ಯಾರು ಯಾವಾಗ ಬರಬೇಕೆಂದು ಹೇಳುವ ಕೆಲಸ ಮಾತ್ರ ಕೊನೆಯವರೆಗೂ ಕೈಗೆ ಹತ್ತಲಿಲ್ಲ. ದಿನಕ್ಕೊಂದು ವಿಚಿತ್ರ ತಾನಾಗಿ ಮೆಟ್ಟಿಲು ಹತ್ತಿ ಬರುತ್ತಿತ್ತು.

ಗಂಟೆ ಎಷ್ಟು?

ಒಬ್ಬೊಬ್ಬರಿಗೂ ಒಂದೊಂದು ಸಮಯ ಕೊಡಬೇಕೆಂದು ಡಾಕ್ಟರ ಆಸೆ. ಬೆಳ್ತಂಗಡಿ ಕಡೆಯ ಒಬ್ಬ ಹೆಂಗಸಿಗೆ, "ನಾಡಿದ್ದು ಹತ್ತೂವರೆಗೆ ಬನ್ನಿ" ಎಂದೆ.

"ಹತ್ತೂವರೆ ಅಂದ್ರೆ ಯಾವ ಬಸ್ಸು?"

ಅವರ ಮನೆಯಲ್ಲಿ ಗಡಿಯಾರ ಇರಲಿಲ್ಲ. ಚೀಟಿಯಲ್ಲಿ "ಎರಡನೇ ಬಸ್ಸು" ಎಂದು ಬರೆದುಕೊಟ್ಟೆ. ಆ ದಿನ ಎರಡನೇ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಅವರು ಮೂರನೆಯದರಲ್ಲಿ ಮಧ್ಯಾಹ್ನ ಬಂದಿಳಿದರು.

"ಇಷ್ಟು ತಡವಾ?" ಎಂದೆ.

"ತಡ ಎಂತದ್ದು ಮಾರಾಯ್ರೇ? ಎರಡನೇ ಬಸ್ಸು ಇನ್ನೂ ಬರ್ಲೇ ಇಲ್ಲ. ನಾನು ಬೇಗ ಬಂದದ್ದು!"

ಜ್ವರದ ರಜೆ

ಬಂಟ್ವಾಳ ಕಡೆಯ ಒಬ್ಬ ರೈತರಿಗೆ ದಿನ ಬಿಟ್ಟು ದಿನ ಜ್ವರ. ಜ್ವರ ಇರುವಾಗಲೇ ನೋಡಬೇಕು ಎಂದರು ಡಾಕ್ಟರು.

"ಹಾಗಾದರೆ ಗುರುವಾರ ಬನ್ನಿ" ಎಂದೆ.

"ಗುರುವಾರ ಅದಕ್ಕೆ ರಜೆ. ಶುಕ್ರವಾರ ಬರ್ತೇವೆ."

ಶುಕ್ರವಾರ ಬಂದರು. ಅವರ ಸರದಿ ಬರುವಾಗ ಹೊತ್ತು ಏರಿತ್ತು. ಡಾಕ್ಟರು ಥರ್ಮಾಮೀಟರ್ ತಿರುಗಿಸಿ ತಿರುಗಿಸಿ ನೋಡಿದರು. "ಎಲ್ಲಿ ನಿಮ್ಮ ಜ್ವರ?"

ರೈತರು ನಾಚಿದರು. "ಹೊರಡುವಾಗ ಜೊತೆಗೇ ಇತ್ತು ಡಾಕ್ಟ್ರೇ. ಇಷ್ಟು ಹೊತ್ತು ಕಾಯ್ಲಿಕ್ಕೆ ಅದಕ್ಕೆ ತಾಳ್ಮೆ ಇಲ್ಲ."

ಯಾರೂ ಇಲ್ಲದ ಕೊಡೆ

ಜಗಲಿಯಲ್ಲಿ ಕೊಡೆಯನ್ನೋ ಚೀಲವನ್ನೋ ಸಾಲಾಗಿ ಇಟ್ಟು ಜಾಗ ಹಿಡಿಯುವುದು ವಾಡಿಕೆ. ಒಂದು ಮಳೆಗಾಲ, ಪ್ರತಿ ಸೋಮವಾರ ನಾನು ಬಾಗಿಲು ತೆರೆಯುವಾಗ ಒಂದು ಕೊಡೆ ಮೊದಲೇ ಕೂತಿರುತ್ತಿತ್ತು. ಯಾರದ್ದೆಂದು ತಿಳಿಯದೆ ನನಗೆ ತಲೆ ಕೆಟ್ಟಿತು. ಒಮ್ಮೆ ಬೇಗ ಬಂದು ಕಾದೆ. ಬಸ್ಸಿನ ಕಂಡಕ್ಟರ್ ಅದನ್ನು ಇಟ್ಟು ಓಡುತ್ತಿದ್ದ!

"ಬೆಳುವಾಯಿ ಮಾಸ್ಟ್ರದ್ದು" ಎಂದ. "ಊರಲ್ಲಿ ಅವರ ಮನೆ ಗೇಟಿನಲ್ಲಿ ಸಿಕ್ಕಿಸಿಡ್ತಾರೆ, ಮೊದಲ ಬಸ್ಸಿಗೆ ನಾನು ತರ್ತೇನೆ. ಅವರು ಮುಂದಿನ ಬಸ್ಸಿಗೆ ಬರ್ತಾರೆ."

ಆ ನಿವೃತ್ತ ಮಾಸ್ಟ್ರು ಕೆಮ್ಮಿಗೆ ಔಷಧ ಒಯ್ಯುತ್ತಿದ್ದವರು. ಅಂದೂ ಬಂದರು, ತಲೆಯಿಂದ ಪಂಚೆಯವರೆಗೆ ಒದ್ದೆ.

ಡಾಕ್ಟರು ಚಿಂತೆಯಲ್ಲಿದ್ದರು. "ಒಂದು ತಿಂಗಳಾಯ್ತು, ಕೆಮ್ಮು ಯಾಕೆ ಇಳಿಯುದಿಲ್ಲ ಮಾಸ್ಟ್ರೇ? ಮಳೆಯಲ್ಲಿ ನೆನೆಯುತ್ತೀರಾ?"

"ಸೋಮವಾರ ಮಾತ್ರ. ಸ್ಟ್ಯಾಂಡಿನಿಂದ ಇಲ್ಲಿಗೆ ನಡೆಯುವಾಗ. ಕೊಡೆ ಮೊದಲೇ ಬಂದಿರ್ತದಲ್ಲ!"

ಡಾಕ್ಟರು ಕೈಮುಗಿದು, "ಇನ್ನು ಕೊಡೆ ಕಳಿಸಬೇಡಿ" ಎಂದರು. ಮಾಸ್ಟ್ರು ಒಪ್ಪಿದರು.

ಮುಂದಿನ ಸೋಮವಾರ ಬಾಗಿಲು ತೆರೆದರೆ ಸಾಲಿನ ತಲೆಯಲ್ಲಿ ಒಂದು ಜೊತೆ ಚಪ್ಪಲಿ. ಎರಡನೇ ಬಸ್ಸಿಗೆ ಮಾಸ್ಟ್ರು ಕೊಡೆ ಹಿಡಿದು ಕುಂಟುತ್ತಾ ಬಂದರು.

"ಕೆಮ್ಮು ಪೂರಾ ಕಡಿಮೆ ಉಂಟು ಡಾಕ್ಟ್ರೇ" ಎಂದು ಬರಿಗಾಲು ಎತ್ತಿ ತೋರಿಸಿದರು. "ಇವತ್ತು ಈ ಮುಳ್ಳೊಂದು ತೆಗೀರಿ."